ಸಂತ ಶಿಶುನಾಳ ಷರೀಫ ಸಾಹೇಬರು

ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಬೆಳೆದ ನಿಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡವೆಂದರೆ ಪರೀಕ್ಷೆಯ ಒಂದು ಪೇಪರ್ ಅಷ್ಟೇ ಎಂದುಕೊಂಡವರೂ ಇರಬಹುದು. ಅಂಥವರು ಷರೀಫರ ಬದುಕನ್ನೊಮ್ಮೆ ನೋಡಬೇಕು.

ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಇಮಾಮ್ ಸಾಹೇಬ್ ಮತ್ತು ಹಜ್ಜೂಮಾ ದಂಪತಿಗಳಿಗೆ ಜನಿಸಿದ ಷರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಮುಂದೆ ಆ ಕೆಲಸ ಬಿಟ್ಟು, ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ! ಎರಡೂ ಕಡೆಯವರು ನಿಂದಿಸಿದರೆಂದು ಪ್ರತೀತಿ. ಗುರು ಶಿಷ್ಯನನ್ನು ಬಿಡಲಿಲ್ಲ, ಶಿಷ್ಯ ಗುರುವನ್ನು ಬಿಡಲಿಲ್ಲ.

ಸೋರುವ ಮಾಳಿಗೆ, ನೇಯುವ ಮಗ್ಗ, ಹೊಸದಾಗಿ ಬಂದ ಗಿರಣಿ, ಹೀಗೆ ಕಣ್ಣಿಗೆ ಬಿದ್ದುದೆಲ್ಲ ಅವರ ಬಾಯಲ್ಲಿ ತತ್ವಪದವಾಯಿತು. ಪದದ ಕೊನೆಯ ಅಂಕಿತದಲ್ಲಿ ಊರಿನ ದೇವರನ್ನೇ ನೆನೆದರು. ಮೊಹರಂ ಹಬ್ಬಕ್ಕೆ ಅಲಾವಿ ಪದಗಳನ್ನೂ ಕಟ್ಟಿದರು. ಇದನ್ನು ಭಾವೈಕ್ಯವೆಂಬ ಒಂದೇ ಮಾತಿನಲ್ಲಿ ಮುಗಿಸುವುದು ನನಗೇಕೋ ಸರಿಕಾಣದು. ಅವರು ಎರಡನ್ನು ಕೂಡಿಸಲು ಹೊರಟವರಲ್ಲ. ಅವರಾಡಿದ್ದು ತಮ್ಮ ಊರಿನ ಕನ್ನಡ. ಅದರೊಳಗೆ ಎರಡೂ ಮೊದಲೇ ಇದ್ದವು.

1889ರಲ್ಲಿ ಷರೀಫರು ತೀರಿಕೊಂಡರು. ಶಿಶುನಾಳದ ಅವರ ಗದ್ದುಗೆಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಜನರ ಬಾಯಲ್ಲೇ ಉಳಿದುಬಂದ ಪದಗಳನ್ನು ಸಿ. ಅಶ್ವತ್ಥ್‌ರವರು ಹಾಡಿ ಮನೆಮನೆಗೆ ಮುಟ್ಟಿಸಿದರು. ಟಿ.ಎಸ್. ನಾಗಾಭರಣರವರು ನಿರ್ದೇಶಿಸಿದ 1990ರ ಚಲನಚಿತ್ರಕ್ಕೆ ರಾಷ್ಟ್ರೀಯ ಏಕತೆಯ ಕುರಿತಾದ ಅತ್ಯುತ್ತಮ ಚಿತ್ರವೆಂದು ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು.

ಕೋಳಿಯೊಂದು ಕೋತಿಯನ್ನು ನುಂಗುವ ಅವರ ಪದವನ್ನು ನೀವು ಕೇಳಿಯೇ ಇರುತ್ತೀರಿ. ಅದರ ಅರ್ಥವನ್ನು ನಿಮ್ಮ ಕನ್ನಡ ಮೇಷ್ಟ್ರಲ್ಲಿ ವಿಚಾರಿಸಿ. ಅವರೂ ತುಸು ತಡವರಿಸಬಹುದು.