ಅಬ್ಬಾ ಅವರ ಆಟೋದ ಹಿಂದಿರುವ ಶಂಕರಣ್ಣ

ನಮ್ಮ ಅಬ್ಬಾ ದಾವಣಗೆರೆಯಲ್ಲಿ ಆಟೋ ಓಡಿಸುತ್ತಾರೆ. ಆಟೋದ ಹಿಂದೆ ಶಂಕರ್‌ನಾಗ್ ಅವರ ದೊಡ್ಡ ಚಿತ್ರವಿದೆ. ಚಿಕ್ಕಂದಿನಲ್ಲಿ ನಾನು ಅವರೂ ಆಟೋ ಚಾಲಕರೇ ಇರಬೇಕು ಎಂದುಕೊಂಡಿದ್ದೆ. 1980ರಲ್ಲಿ ಬಂದ ‘ಆಟೋ ರಾಜ’ ಸಿನಿಮಾದಿಂದ ಅವರು ಆಟೋದವರ ಮನೆಯ ಮಗನಾದರು ಎಂದು ಅಬ್ಬಾ ಹೇಳಿದ ಮೇಲೆಯೇ ನನಗೆ ವಿಷಯ ತಿಳಿದದ್ದು.

ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ. ಅವರು ನಟ ಅನಂತ್‌ನಾಗ್ ಅವರ ತಮ್ಮ. ಮುಂಬೈಗೆ ಹೋದ ಶಂಕರ್ ಅಲ್ಲಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಗಿರೀಶ್ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ 1978ರಲ್ಲಿ ಅವರನ್ನು ಕನ್ನಡ ತೆರೆಗೆ ತಂದಿತು. ದಾಯಾದಿಗಳ ಅಧಿಕಾರದ ಜಗಳದಲ್ಲಿ ಕತ್ತಿ ಹಿಡಿದು ದುಡಿಯುವ ಸೈನಿಕನ ಪಾತ್ರ ಅದು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಅದೇ ಹೊತ್ತಿನಲ್ಲಿ ಅವರು ‘22 ಜೂನ್ 1897’ ಎಂಬ ಮರಾಠಿ ಸಿನಿಮಾದ ಬರವಣಿಗೆಯಲ್ಲೂ ಕೈಜೋಡಿಸಿದ್ದರು. ಪುಣೆಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷ್ ಅಧಿಕಾರಿ ರ‍್ಯಾಂಡ್ ನಡೆಸಿದ ದರ್ಪ, ಚಾಪೇಕರ್ ಸಹೋದರರು ಅವನನ್ನು ಕೊಂದ ಘಟನೆ ಅದರ ಕಥೆ. ಅಧಿಕಾರ ಕೈಗೆ ಸಿಕ್ಕವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಅವರನ್ನು ಮೊದಲಿನಿಂದಲೂ ಕಾಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಈ ಪ್ರಶ್ನೆಗೆ ಅವರು ನೇರವಾಗಿ ಮುಖಾಮುಖಿಯಾದದ್ದು ತಾವೇ ನಿರ್ದೇಶಿಸಿದ ‘ಆಕ್ಸಿಡೆಂಟ್’ ಸಿನಿಮಾದಲ್ಲಿ. 1985ರಲ್ಲಿ ತೆರೆಗೆ ಬಂದ ಈ ಚಿತ್ರವನ್ನು ನಾನು ಕಳೆದ ರಜೆಯಲ್ಲಿ ಅಬ್ಬಾ ಜೊತೆ ಕೂತು ನೋಡಿದೆ. ನಶೆಯಲ್ಲಿರುವ ಇಬ್ಬರು ಯುವಕರು ರಾತ್ರಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹತ್ತಿಸುತ್ತಾರೆ. ಅವರಲ್ಲೊಬ್ಬ ರಾಜಕಾರಣಿ ಧರ್ಮಾಧಿಕಾರಿಯ ಮಗ. ಮಗನನ್ನು ಉಳಿಸಲು, ಅದಕ್ಕಿಂತ ಹೆಚ್ಚಾಗಿ ತನ್ನ ಕುರ್ಚಿ ಉಳಿಸಲು, ತಂದೆ ತನ್ನ ಬಲವನ್ನೆಲ್ಲ ಬಳಸುತ್ತಾನೆ. ಈ ಪಾತ್ರ ಅನಂತ್‌ನಾಗ್ ಅವರದು. ಸತ್ಯದ ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್, ಬದುಕುಳಿದ ಕೂಲಿಯವನಾಗಿ ರಮೇಶ್ ಭಟ್ ನಟಿಸಿದ್ದಾರೆ. ಸಂಗೀತ ಇಳಯರಾಜ ಅವರದು, ಆದರೆ ಹಾಡು ಒಂದೂ ಇಲ್ಲ. ಸಾಮಾಜಿಕ ವಿಷಯದ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಕೊನೆಗೆ ಏನಾಗುತ್ತದೆ ಎಂದು ಹೇಳುವುದಿಲ್ಲ, ನೀವೇ ನೋಡಿ.

ಸಿನಿಮಾ ಮುಗಿದಾಗ ನನಗೆ ಅಬ್ಬಾ ಮುಖ ನೋಡಲು ನಾಚಿಕೆಯಾಯಿತು. ಕಾರಣ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ, ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಅಜ್ಜನೊಬ್ಬನಿಗೆ ಜೀಪು ಗುದ್ದಿ ಹೋಯಿತು. ಅಬ್ಬಾ ಅದನ್ನು ಕಣ್ಣಾರೆ ಕಂಡಿದ್ದರು. ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ಜೀಪು ದೊಡ್ಡವರ ಕಡೆಯದು ಎಂದು ಸಂಜೆಯೊಳಗೆ ಗೊತ್ತಾಯಿತು. ಏನೂ ನೋಡಿಲ್ಲ ಎಂದುಬಿಡಿ ಅಬ್ಬಾ, ನಮಗೇಕೆ ಬೇಕು ಎಂದು ಅಮ್ಮಿಗಿಂತ ಮೊದಲು ಹೇಳಿದವಳು ನಾನು. ಅವರು ಉತ್ತರಿಸಲಿಲ್ಲ. ಮಗ್ರಿಬ್ ನಮಾಜ್ ಮುಗಿಸಿ ಹೋಗಿ ಹೇಳಿಕೆ ಬರೆಸಿ ಬಂದರು. ಆಮೇಲೆ ಎಷ್ಟೋ ದಿನ ದುಡಿಮೆ ಬಿಟ್ಟು ಅಲೆದರು. ಪ್ರಕರಣ ಇನ್ನೂ ಮುಗಿದಿಲ್ಲ. ಸಿನಿಮಾದಲ್ಲಿ ಧರ್ಮಾಧಿಕಾರಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುವವರನ್ನು ನೋಡುವಾಗ ನನಗೆ ನನ್ನದೇ ಮಾತು ಕೇಳಿಸಿತು. ಅಧಿಕಾರದ ಬಲ ಅರ್ಧದಷ್ಟು ನಮ್ಮಂಥವರ ಮೌನದಿಂದಲೇ ಬರುತ್ತದೆ ಎಂದು ಆ ದಿನ ತಿಳಿಯಿತು.

ಶಂಕರ್‌ನಾಗ್ ಸುಮ್ಮನೆ ಕೂತವರಲ್ಲ. ಪತ್ನಿ ಅರುಂಧತಿಯವರ ಜೊತೆ ‘ಸಂಕೇತ್’ ತಂಡ ಕಟ್ಟಿ ನಾಟಕ ಆಡಿಸಿದರು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದರು. ದೂರದರ್ಶನದಲ್ಲಿ ಅದನ್ನು ಇಡೀ ದೇಶ ನೋಡಿತು. ಹನ್ನೆರಡೇ ವರ್ಷಗಳಲ್ಲಿ 80ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದರು.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆ ಹೊರಟಿದ್ದಾಗ, ನಮ್ಮ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 35 ವರ್ಷ. ಅರುಂಧತಿಯವರು, ಮಗಳು ಬದುಕುಳಿದರು. ಮುಂದೆ 2004ರಲ್ಲಿ ಅರುಂಧತಿಯವರ ಶ್ರಮದಿಂದ ಬೆಂಗಳೂರಿನಲ್ಲಿ ‘ರಂಗಶಂಕರ’ ಎಂಬ ನಾಟಕಮಂದಿರ ತೆರೆಯಿತು.

ಚಿತ್ರದುರ್ಗಕ್ಕೆ ನಾನಿಯ ಮನೆಗೆ ಹೋಗುವಾಗ ಬಸ್ಸು ಆನಗೋಡು ದಾಟುತ್ತದೆ. ಮೊದಲೆಲ್ಲ ನಾನು ನಿದ್ದೆ ಮಾಡುತ್ತಿದ್ದೆ. ಈಗ ಎಚ್ಚರವಾಗಿ ಕೂತಿರುತ್ತೇನೆ. ಮುಂದಿನ ತಿಂಗಳು ಅಬ್ಬಾ ಮತ್ತೆ ಸಾಕ್ಷಿ ಹೇಳಲು ಹೋಗಬೇಕು. ಅವತ್ತು ಕಾಲೇಜಿಗೆ ರಜೆ ಹಾಕಿ ನಾನೂ ಜೊತೆಗೆ ಹೋಗುತ್ತೇನೆ. ಪ್ರಾಂಶುಪಾಲರು ಈ ಲೇಖನವನ್ನೇ ರಜೆ ಅರ್ಜಿ ಎಂದು ತಿಳಿಯಬೇಕಾಗಿ ವಿನಂತಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ