ಪರ್ಸಿವಲ್ ಲೊವೆಲ್

ಪರ್ಸಿವಲ್ ಲೊವೆಲ್ (ಮಾರ್ಚ್ ೧೩, ೧೮೫೫ – ನವೆಂಬರ್ ೧೨, ೧೯೧೬) ಅಮೆರಿಕದ ಖಗೋಳವಿಜ್ಞಾನಿ. ಮಂಗಳ ಗ್ರಹದಲ್ಲಿ ಬುದ್ಧಿಯುಳ್ಳ ಜೀವಿಗಳಿವೆ ಎಂಬ ವಾದದಿಂದ ಪ್ರಸಿದ್ಧರಾದರು.

ಬಾಸ್ಟನ್ ನಗರದ ಸಿರಿವಂತ ಮನೆತನದಲ್ಲಿ ಜನಿಸಿದ ಇವರು ೧೮೭೬ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಕವಯಿತ್ರಿ ಏಮಿ ಲೊವೆಲ್ ಇವರ ತಂಗಿ.

ಇಟಲಿಯ ಸ್ಕಿಯಾಪರೆಲ್ಲಿ ೧೮೭೭ರಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡು 'ಕನಾಲಿ' ಎಂದು ಕರೆದಿದ್ದರು. ನೈಸರ್ಗಿಕ ಜಲಮಾರ್ಗಕ್ಕೂ ಸಲ್ಲುವ ಆ ಪದ ಇಂಗ್ಲಿಷಿನಲ್ಲಿ ಕಾಲುವೆಯಾಯಿತು. ಕಾಲುವೆಯೆಂದ ಮೇಲೆ ತೋಡಿದವರೂ ಇರಬೇಕಷ್ಟೆ. ಲೊವೆಲ್ ೧೮೯೪ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್‌ನ ಗುಡ್ಡವೊಂದರ ಮೇಲೆ ಸ್ವಂತ ಹಣದಿಂದ ವೀಕ್ಷಣಾಲಯ ಕಟ್ಟಿಸಿದರು. ಒಣಗುತ್ತಿರುವ ಗ್ರಹದ ನಿವಾಸಿಗಳು ಧ್ರುವದ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಸಮಭಾಜಕದತ್ತ ಹರಿಸುತ್ತಾರೆ, ಋತುವಿಗೆ ತಕ್ಕಂತೆ ಕಪ್ಪಾಗುವ ಪ್ರದೇಶಗಳು ಸಸ್ಯರಾಶಿ ಎಂದು ಸಾಧಿಸಿದರು.

ನೀರು ಹರಿಯಬೇಕಾದರೆ ಹವೆ ಬೆಚ್ಚಗಿರಬೇಕು. ಮಂಗಳಕ್ಕೆ ದೊರೆಯುವ ಬಿಸಿಲು ಭೂಮಿಯದರ ಅರ್ಧಕ್ಕಿಂತ ಕಡಿಮೆ. ಆದರೂ ಅಲ್ಲಿನ ಸರಾಸರಿ ಉಷ್ಣತೆ ಸುಮಾರು ೯ ಡಿಗ್ರಿ ಸೆಲ್ಸಿಯಸ್ ಎಂದು ಲೊವೆಲ್ ಗಣಿಸಿದರು. ವಾದದ ದುರ್ಬಲ ಕೊಂಡಿ ಇದೇ. ಜೀವವಿಕಾಸ ತತ್ತ್ವದ ಸಹಶೋಧಕ ಆಲ್ಫ್ರೆಡ್ ರಸೆಲ್ ವಾಲೇಸ್ ತಮ್ಮ ೮೪ನೆಯ ವಯಸ್ಸಿನಲ್ಲಿ, ೧೯೦೭ರಲ್ಲಿ, ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದರು: ತೆಳುವಾದ ವಾಯುಮಂಡಲ ಶಾಖವನ್ನು ಹಿಡಿದಿಡದು, ಮಂಗಳ ಹೆಪ್ಪುಗಟ್ಟುವಷ್ಟು ಶೀತಲ. ೧೯೦೯ರಲ್ಲಿ ಫ್ರಾನ್ಸಿನ ಮ್ಯೂಡನ್‌ನ ದೊಡ್ಡ ದೂರದರ್ಶಕದಲ್ಲಿ ಆಂಟೋನಿಯಾಡಿಗೆ ಗೆರೆಗಳ ಬದಲು ಬಿಡಿಬಿಡಿ ಕಲೆಗಳು ಕಂಡವು. ಲೊವೆಲ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ೧೯೬೫ರಲ್ಲಿ ಮ್ಯಾರಿನರ್-೪ ನೌಕೆ ಕಳುಹಿಸಿದ ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆಗಳಿರಲಿಲ್ಲ.

ಕಟ್ಟಿಸಿದ ವೀಕ್ಷಣಾಲಯವಾದರೋ ವ್ಯರ್ಥವಾಗಲಿಲ್ಲ. ಸುರುಳಿ ನೀಹಾರಿಕೆಗಳ ವೇಗವನ್ನು ಸ್ಲೈಫರ್ ಮೊದಲು ಅಳೆದದ್ದು, ೧೯೩೦ರಲ್ಲಿ ಟಾಂಬಾ ಪ್ಲೂಟೊವನ್ನು ಕಂಡದ್ದು ಇಲ್ಲಿಯೇ. ಲೊವೆಲ್ಲರ ಸಮಾಧಿಯೂ ಅದೇ ಗುಡ್ಡದ ಮೇಲಿದೆ. ಗುಡ್ಡದ ಹೆಸರು ಮಾರ್ಸ್ ಹಿಲ್.