60 ಗೋಲುಗಳ ಸರದಾರ ಡಿಕ್ಸಿ ಡೀನ್

ದಾಖಲೆಗಳಿರುವುದೇ ಮುರಿಯುವುದಕ್ಕೆ ಎಂಬುದು ಕ್ರೀಡಾಲೋಕದ ವಾಡಿಕೆಯ ಮಾತು. ಆದರೆ ಕೆಲವು ದಾಖಲೆಗಳು ಈ ಮಾತಿಗೆ ಅಪವಾದವಾಗಿ ಉಳಿದುಬಿಡುತ್ತವೆ. ಟೆಸ್ಟ್ ಕ್ರಿಕೆಟ್‌ನಲ್ಲಿ ಡಾನ್ ಬ್ರಾಡ್ಮನ್ ಅವರ 99.94ರ ಸರಾಸರಿ ಅಂಥದ್ದು. ಇಂಗ್ಲೆಂಡ್‌ನ ಫುಟ್‌ಬಾಲ್‌ನಲ್ಲಿ ಅದಕ್ಕೆ ಸಾಟಿಯಾಗಿ ನಿಲ್ಲುವ ಅಂಕಿಯೊಂದಿದೆ. ಅದು 60. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್‌ನ ಸೆಂಟರ್ ಫಾರ್ವರ್ಡ್ ವಿಲಿಯಂ ರಾಲ್ಫ್ ಡೀನ್ 1927-28ರ ಲೀಗ್ ಋತುವಿನಲ್ಲಿ ಬಾರಿಸಿದ ಗೋಲುಗಳ ಸಂಖ್ಯೆ ಇದು. ಜಗತ್ತು ಅವರನ್ನು ಬಲ್ಲುದು ಡಿಕ್ಸಿ ಡೀನ್ ಎಂಬ ಹೆಸರಿನಿಂದ. ಅವರಿಗೆ ಮಾತ್ರ ಆ ಅಡ್ಡಹೆಸರು ಕೊನೆಯವರೆಗೂ ಹಿಡಿಸಲಿಲ್ಲ; ಬಿಲ್ ಎಂದು ಕರೆಸಿಕೊಳ್ಳುವುದೇ ಅವರಿಗೆ ಇಷ್ಟವಾಗಿತ್ತು.

ರೈಲ್ವೆ ಕಾರ್ಮಿಕನ ಮಗ

ಡೀನ್ ಹುಟ್ಟಿದ್ದು 1907ರ ಜನವರಿ 22ರಂದು, ಮರ್ಸಿ ನದಿಯ ಆಚೆ ದಡದ ಬರ್ಕೆನ್‌ಹೆಡ್ ಪಟ್ಟಣದಲ್ಲಿ. ತಂದೆ ರೈಲ್ವೆ ಉದ್ಯೋಗಿ. ಎಂಟರ ಹರೆಯದ ಬಾಲಕನನ್ನು ತಂದೆ ಎವರ್ಟನ್‌ನ ಗುಡಿಸನ್ ಪಾರ್ಕ್ ಮೈದಾನಕ್ಕೆ ಕರೆದೊಯ್ದರು. ಅದು 1914-15ರ ಋತು. ಆ ವರ್ಷ ಎವರ್ಟನ್ ಲೀಗ್ ಚಾಂಪಿಯನ್ ಆಯಿತು. ಬಾಲಕನ ಮನಸ್ಸು ಅಂದೇ ಆ ನೀಲಿ ಅಂಗಿಗೆ ಮಾರುಹೋಯಿತು.

ಹದಿಹರೆಯದಲ್ಲಿ ಡೀನ್ ಕೂಡ ರೈಲ್ವೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದರು. ಹಗಲು ಆಡಲು ಬಿಡುವು ಸಿಗಲೆಂದು ರಾತ್ರಿ ಪಾಳಿಯನ್ನೇ ಆರಿಸಿಕೊಂಡರು. ಊರಿನ ಟ್ರಾನ್‌ಮಿಯರ್ ರೋವರ್ಸ್ ಕ್ಲಬ್ ಅವರನ್ನು ಸೇರಿಸಿಕೊಂಡಿತು. 17ರ ವಯಸ್ಸಿನ ಆಸುಪಾಸಿನಲ್ಲಿ ಅಲ್ಲಿ ಆಡಿದ 30 ಪಂದ್ಯಗಳಲ್ಲಿ 27 ಗೋಲುಗಳು ಬಂದವು. ದೊಡ್ಡ ಕ್ಲಬ್‌ಗಳು ಸಾಲುಗಟ್ಟಿದವು. ಆದರೆ ಡೀನ್ ಆಯ್ದುಕೊಂಡದ್ದು ಬಾಲ್ಯದ ಎವರ್ಟನ್ ಅನ್ನೇ. 1925ರ ಮಾರ್ಚ್‌ನಲ್ಲಿ 3 ಸಾವಿರ ಪೌಂಡ್‌ಗಳಿಗೆ ವರ್ಗಾವಣೆ ನಡೆಯಿತು. ಮೊದಲ ಪೂರ್ಣ ಋತುವಿನಲ್ಲೇ 38 ಲೀಗ್ ಪಂದ್ಯಗಳಿಂದ 32 ಗೋಲು ಗಳಿಸಿ ಅವರು ಮನೆಮಾತಾದರು.

ಸಾವಿನ ದವಡೆಯಿಂದ

ಎಲ್ಲವೂ ಸುಗಮವಾಗಿ ಸಾಗುತ್ತಿರುವಾಗಲೇ ವಿಧಿ ಅಡ್ಡಬಂತು. 1926ರ ಬೇಸಿಗೆಯಲ್ಲಿ ಉತ್ತರ ವೇಲ್ಸ್‌ನ ಹೋಲಿವೆಲ್ ಬಳಿ ಡೀನ್ ಅವರ ಮೋಟಾರ್ ಸೈಕಲ್ ಭೀಕರ ಅಪಘಾತಕ್ಕೀಡಾಯಿತು. ತಲೆಬುರುಡೆ ಬಿರಿದಿತ್ತು. ದವಡೆ ಮುರಿದಿತ್ತು. ಬದುಕುಳಿಯುವುದೇ ಕಷ್ಟವೆಂಬ ಸ್ಥಿತಿ. ಉಳಿದರೂ ಮತ್ತೆ ಫುಟ್‌ಬಾಲ್ ಆಡುವ ಮಾತು ದೂರವೇ ಉಳಿಯಿತೆಂದು ವೈದ್ಯರು ಭಾವಿಸಿದ್ದರು. ತಲೆಯಿಂದ ಚೆಂಡನ್ನು ಗೋಲಿಗಟ್ಟುವುದೇ ಡೀನ್ ಅವರ ದೊಡ್ಡ ಅಸ್ತ್ರವಾಗಿದ್ದುದರಿಂದ ಆ ಗಾಯ ಅವರ ಜೀವನೋಪಾಯಕ್ಕೇ ಬಿದ್ದ ಪೆಟ್ಟಾಗಿತ್ತು.

ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಮೈದಾನಕ್ಕೆ ಮರಳಿದರು. ಮತ್ತೆ ತಲೆಯಿಂದಲೇ ಗೋಲು ಬಾರಿಸಿದರು. ವೈದ್ಯರು ತಲೆಯೊಳಗೆ ಲೋಹದ ತಗಡು ಕೂರಿಸಿರುವುದರಿಂದಲೇ ಆ ಹೊಡೆತಕ್ಕೆ ಅಷ್ಟು ಬಲವೆಂಬ ಕಟ್ಟುಕಥೆ ಅಭಿಮಾನಿಗಳಲ್ಲಿ ಬಹುಕಾಲ ಹರಿದಾಡಿತು. 1927ರಲ್ಲಿ ಇಂಗ್ಲೆಂಡ್ ತಂಡದ ಬಾಗಿಲೂ ತೆರೆಯಿತು. ದೇಶದ ಪರ ಆಡಿದ ಮೊದಲ 5 ಪಂದ್ಯಗಳಲ್ಲೇ 12 ಗೋಲುಗಳು ಅವರ ಖಾತೆ ಸೇರಿದವು.

ಮರೆಯಲಾಗದ ಋತು

1927-28ರ ಸಾಧನೆಗೆ ಒಂದು ಹಿನ್ನೆಲೆಯಿದೆ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದಕ್ಕೂ ಮೊದಲು ಚೆಂಡು ಪಡೆಯುವ ಆಟಗಾರ ಹಾಗೂ ಗೋಲು ಗೆರೆಯ ನಡುವೆ ಎದುರಾಳಿಯ ಮೂವರು ಇರಬೇಕಿತ್ತು. ಇನ್ನು ಮುಂದೆ ಇಬ್ಬರಿದ್ದರೆ ಸಾಕೆಂದಾಯಿತು. ರಕ್ಷಣಾ ಆಟಗಾರರು ಕಂಗೆಟ್ಟರು. ಗೋಲುಗಳ ಸುರಿಮಳೆಯಾಯಿತು. 1926-27ರಲ್ಲಿ ಮಿಡಲ್ಸ್‌ಬರೊದ ಜಾರ್ಜ್ ಕ್ಯಾಮ್ಸೆಲ್ ಎರಡನೇ ಡಿವಿಷನ್‌ನಲ್ಲಿ 59 ಗೋಲು ಬಾರಿಸಿ ಬೆರಗು ಮೂಡಿಸಿದರು. ಆ ದಾಖಲೆಗೆ ಒಂದೇ ವರ್ಷದ ಆಯುಸ್ಸು ಎಂದು ಆಗ ಯಾರೂ ಊಹಿಸಿರಲಿಲ್ಲ.

ಮರುವರ್ಷ ಡೀನ್ ಋತುವಿನ ಮೊದಲ 9 ಪಂದ್ಯಗಳಲ್ಲೂ ಗೋಲು ಗಳಿಸಿ ಅಬ್ಬರದ ಆರಂಭ ಮಾಡಿದರು. ಒಂಬತ್ತನೆಯ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 5 ಗೋಲು! ಆದರೂ ಕೊನೆಯ ಎರಡು ಪಂದ್ಯಗಳು ಬಾಕಿಯಿದ್ದಾಗ ಅವರ ಮೊತ್ತ 53. ದಾಖಲೆಗೆ ಇನ್ನೂ 7 ಗೋಲು ಬೇಕು. ಬರ್ನ್ಲಿ ವಿರುದ್ಧ 4 ಗೋಲು ಬಂದವು. ಉಳಿದದ್ದು ಒಂದೇ ಪಂದ್ಯ, ಬೇಕಿದ್ದದ್ದು 3 ಗೋಲು.

1928ರ ಮೇ 5, ಗುಡಿಸನ್ ಪಾರ್ಕ್. ಎದುರಾಳಿ ಆರ್ಸೆನಲ್. ಎವರ್ಟನ್ ಅದಾಗಲೇ ಚಾಂಪಿಯನ್ ಪಟ್ಟ ಖಚಿತಪಡಿಸಿಕೊಂಡಿತ್ತು. ಹಾಗಾಗಿ ಕಿಕ್ಕಿರಿದ ಪ್ರೇಕ್ಷಕರ ಕಣ್ಣೆಲ್ಲ ಒಬ್ಬನೇ ಆಟಗಾರನ ಮೇಲೆ. ಆರ್ಸೆನಲ್ ಮೊದಲು ಗೋಲು ಗಳಿಸಿತು. ಡೀನ್ ಸಮ ಮಾಡಿದರು. ಪೆನಾಲ್ಟಿಯಲ್ಲಿ ಎರಡನೆಯದನ್ನೂ ಗಳಿಸಿ ಕ್ಯಾಮ್ಸೆಲ್‌ರನ್ನು ಸರಿಗಟ್ಟಿದರು. ನಂತರ ಗಡಿಯಾರ ಓಡುತ್ತಲೇ ಹೋಯಿತು, ಗೋಲು ಮಾತ್ರ ಬರಲಿಲ್ಲ. ಆಟ ಮುಗಿಯಲು ಎಂಟು ನಿಮಿಷಗಳಷ್ಟೇ ಇದ್ದಾಗ ಅಲೆಕ್ ಟ್ರೂಪ್ ಕಾರ್ನರ್ ಕಿಕ್ ತೆಗೆದುಕೊಂಡರು. ಗುಂಪಿನ ನಡುವಿನಿಂದ ಮೇಲೆದ್ದ ಡೀನ್ ಚೆಂಡನ್ನು ತಲೆಯಿಂದ ಬಲೆಗೆ ಅಟ್ಟಿದರು. 60! ಆರ್ಸೆನಲ್ ಕೊನೆಯಲ್ಲಿ ಗೋಲು ಗಳಿಸಿ ಪಂದ್ಯ 3-3ರಿಂದ ಸಮವಾದದ್ದು ಯಾರಿಗೂ ಬೇಸರ ತರಲಿಲ್ಲ. ಆ ಋತುವಿನಲ್ಲಿ ಎವರ್ಟನ್ ಗಳಿಸಿದ ಒಟ್ಟು ಲೀಗ್ ಗೋಲುಗಳು 102. ಅವುಗಳಲ್ಲಿ 60 ಒಬ್ಬರದೇ. ಅದೂ 42ರಲ್ಲಿ 39 ಪಂದ್ಯಗಳನ್ನಷ್ಟೇ ಆಡಿ. ಆಗ ಡೀನ್ ವಯಸ್ಸು 21.

ಪತನ, ಪುನರುತ್ಥಾನ

ಕೀರ್ತಿಯ ಶಿಖರದಿಂದ ಎವರ್ಟನ್ ಜಾರಿದ್ದು ಎರಡೇ ವರ್ಷಗಳಲ್ಲಿ. 1930ರಲ್ಲಿ ಕ್ಲಬ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೇ ಡಿವಿಷನ್‌ಗೆ ಕುಸಿಯಿತು. ಡೀನ್ ಕ್ಲಬ್ ಬಿಡಲಿಲ್ಲ. 1930-31ರಲ್ಲಿ ಅವರ 39 ಗೋಲುಗಳ ನೆರವಿನಿಂದ ತಂಡ ಎರಡನೇ ಡಿವಿಷನ್ ಗೆದ್ದು ಮೇಲೇರಿತು. 1931-32ರಲ್ಲಿ 45 ಗೋಲು. ಎವರ್ಟನ್ ಮತ್ತೆ ಲೀಗ್ ಚಾಂಪಿಯನ್. 1933ರಲ್ಲಿ ನಾಯಕರಾಗಿ ಎಫ್.ಎ. ಕಪ್ ಎತ್ತಿ ಹಿಡಿದರು. ಮ್ಯಾಂಚೆಸ್ಟರ್ ಸಿಟಿ ವಿರುದ್ಧ 3-0 ಅಂತರದಿಂದ ಗೆದ್ದ ಆ ಫೈನಲ್‌ನಲ್ಲಿ ಅವರದೂ ಒಂದು ಗೋಲು. ಆಟಗಾರರು ಅಂಕಿಗಳಿದ್ದ ಅಂಗಿ ತೊಟ್ಟು ಆಡಿದ ಮೊದಲ ಕಪ್ ಫೈನಲ್ ಅದು. ಡೀನ್ ಬೆನ್ನ ಮೇಲಿದ್ದ 9ನೇ ಸಂಖ್ಯೆಗೆ ಎವರ್ಟನ್‌ನಲ್ಲಿ ಇಂದಿಗೂ ವಿಶೇಷ ಗೌರವವಿದೆ.

ವಯಸ್ಸು, ಗಾಯಗಳು ಅವರನ್ನೂ ಬಿಡಲಿಲ್ಲ. ಟಾಮಿ ಲಾಟನ್ ಎಂಬ ತರುಣ ಸೆಂಟರ್ ಫಾರ್ವರ್ಡ್ ಕ್ಲಬ್‌ಗೆ ಬಂದಾಗ ತನ್ನ ಜಾಗ ತುಂಬುವವನು ಈತನೇ ಎಂದು ಅರಿತೂ ಡೀನ್ ಅವರಿಗೆ ಆಟದ ಪಟ್ಟುಗಳನ್ನು ಕಲಿಸಿದರು. 1938ರ ಮಾರ್ಚ್‌ನಲ್ಲಿ ನಾಟ್ಸ್ ಕೌಂಟಿ ಕ್ಲಬ್‌ಗೆ ತೆರಳಿದರು. ನಂತರ ಐರ್ಲೆಂಡ್‌ನ ಸ್ಲೈಗೊ ರೋವರ್ಸ್ ಪರವೂ ಆಡಿದರು.

ದಾಖಲೆ ಉಳಿಯಿತು, ಹಣ ಉಳಿಯಲಿಲ್ಲ

ಡೀನ್ ಆಡುತ್ತಿದ್ದ ಕಾಲದಲ್ಲಿ ಆಟಗಾರರ ವೇತನಕ್ಕೆ ಮಿತಿಯಿತ್ತು. ಋತುವಿನಲ್ಲಿ ವಾರಕ್ಕೆ 8 ಪೌಂಡ್. 60 ಗೋಲು ಹೊಡೆದವನಿಗೂ ಅಷ್ಟೇ, ಒಂದೂ ಹೊಡೆಯದವನಿಗೂ ಅದಕ್ಕಿಂತ ಹೆಚ್ಚಿಲ್ಲ. ಈ ಕಟ್ಟಳೆ ರದ್ದಾದದ್ದು 1961ರಲ್ಲಿ, ಡೀನ್ ನಿವೃತ್ತರಾಗಿ ಎಷ್ಟೋ ವರ್ಷಗಳ ಬಳಿಕ. ಎರಡನೇ ಮಹಾಯುದ್ಧದ ನಂತರ ಅವರು ಚೆಸ್ಟರ್ ನಗರದಲ್ಲಿ ಪಬ್ ನಡೆಸಿದರು. ಬಳಿಕ ಲಿಟಲ್‌ವುಡ್ಸ್ ಸಂಸ್ಥೆಯ ಕಚೇರಿಯಲ್ಲಿ ಪೋರ್ಟರ್ ಆಗಿ ದುಡಿದರು. ದೇಶದ ಅತಿ ದೊಡ್ಡ ಗೋಲು ದಾಖಲೆಯ ಒಡೆಯ ಸಾಮಾನ್ಯ ನೌಕರನಾಗಿ ದಿನ ದೂಡಿದ್ದು ಹೀಗೆ. 1964ರಲ್ಲಿ ಅವರ ಸಹಾಯಾರ್ಥ ಗುಡಿಸನ್ ಪಾರ್ಕ್‌ನಲ್ಲಿ ನಡೆದ ಪಂದ್ಯಕ್ಕೆ 30 ಸಾವಿರಕ್ಕೂ ಹೆಚ್ಚು ಜನ ಸೇರಿದರು. ತಡವಾಗಿಯಾದರೂ ಊರು ತನ್ನ ಋಣ ನೆನೆಯಿತು.

1976ರಲ್ಲಿ ಅನಾರೋಗ್ಯದಿಂದಾಗಿ ಡೀನ್ ಅವರ ಬಲಗಾಲನ್ನು ಕತ್ತರಿಸಬೇಕಾಯಿತು. 1980ರ ಮಾರ್ಚ್ 1ರಂದು ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡಲು ಅವರು ಗುಡಿಸನ್ ಪಾರ್ಕ್‌ಗೆ ಬಂದಿದ್ದರು. ಅಲ್ಲೇ ಹೃದಯಾಘಾತವಾಗಿ ಕೊನೆಯುಸಿರೆಳೆದರು. ಆಗ ಅವರಿಗೆ 73 ವರ್ಷ. ತಂದೆಯ ಕೈಹಿಡಿದು ಆಟ ನೋಡಿದ ಮೈದಾನದಲ್ಲೇ ಅವರ ಬದುಕಿನ ಆಟವೂ ಮುಗಿಯಿತು. 2001ರಲ್ಲಿ ಮೈದಾನದ ಹೊರಗೆ ಅವರ ಪ್ರತಿಮೆ ಸ್ಥಾಪನೆಯಾಯಿತು. 2025ರ ಮೇ ತಿಂಗಳಲ್ಲಿ ಎವರ್ಟನ್ ಪುರುಷರ ತಂಡ ಗುಡಿಸನ್ ಪಾರ್ಕ್‌ಗೆ ವಿದಾಯ ಹೇಳಿ ಮರ್ಸಿ ದಂಡೆಯ ಹೊಸ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು.

ಆ ದಾಖಲೆಯ ಸಮೀಪಕ್ಕೂ ಈಗ ಯಾರೂ ಸುಳಿಯುತ್ತಿಲ್ಲ. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲೆಂಡ್ 36 ಗೋಲು ಗಳಿಸಿದಾಗ ಅದು ಪ್ರೀಮಿಯರ್ ಲೀಗ್‌ನ ಹೊಸ ದಾಖಲೆಯೆನಿಸಿತು. ಡೀನ್ ಮೊತ್ತಕ್ಕೆ ಆಗಲೂ 24ರ ಕೊರತೆಯಿತ್ತು. ರಕ್ಷಣಾ ತಂತ್ರಗಳು ಬಿಗಿಯಾಗಿವೆ. ಪಂದ್ಯಗಳೂ 42ರಿಂದ 38ಕ್ಕಿಳಿದಿವೆ. 60ರ ಅಂಕಿ ಶತಮಾನೋತ್ಸವ ಆಚರಿಸಿಕೊಳ್ಳುವ ದಿನ ದೂರವಿಲ್ಲ.

ಡೀನ್ ಸಾಧನೆ: ಒಂದು ನೋಟ

* ಎವರ್ಟನ್ ಪರ ಎಲ್ಲ ಸ್ಪರ್ಧೆಗಳಲ್ಲಿ: 433 ಪಂದ್ಯ, 383 ಗೋಲು
* ಎವರ್ಟನ್ ಪರ ಲೀಗ್‌ನಲ್ಲಿ: 399 ಪಂದ್ಯ, 349 ಗೋಲು
* ಎವರ್ಟನ್ ಪರ ಹ್ಯಾಟ್ರಿಕ್: 37
* ಕ್ಲಬ್‌ನ ಗೋಲು ಪಟ್ಟಿಯಲ್ಲಿ ಎರಡನೇ ಸ್ಥಾನ: ಗ್ರೇಮ್ ಶಾರ್ಪ್, 159 ಗೋಲು
* ಇಂಗ್ಲೆಂಡ್ ಪರ: 16 ಪಂದ್ಯ, 18 ಗೋಲು
* ಪ್ರಶಸ್ತಿಗಳು: ಲೀಗ್ ಚಾಂಪಿಯನ್ (1927-28, 1931-32), ಎರಡನೇ ಡಿವಿಷನ್ ಚಾಂಪಿಯನ್ (1930-31), ಎಫ್.ಎ. ಕಪ್ (1933)